50 ಮೀಟರ್ ರೈಫಲ್ ಶೂಟಿಂಗ್‌ನಲ್ಲಿ ಗಾಳಿಯ ಲೆಕ್ಕ ಹಿಡಿಯುವುದು ಹೇಗೆ?

ಒಳಾಂಗಣದಲ್ಲಿ ಏರ್ ರೈಫಲ್ ಚೆನ್ನಾಗಿ ಹೊಡೆಯುತ್ತಿದ್ದೆ, ಬಯಲಿನ ರೇಂಜಿಗೆ ಬಂದ ಮೇಲೆ .22 ರೈಫಲಿನ ಗುಂಡು ಎಡಕ್ಕೂ ಬಲಕ್ಕೂ ಚೆದುರುತ್ತಿದೆ, ಪ್ರತಿ ಸಲ ಸೈಟ್ (ಗುರಿ ನೋಡುವ ಸಾಧನ) ತಿರುಗಿಸಿದರೂ ಸರಿಹೋಗುತ್ತಿಲ್ಲ ಅಂತ ಕೇಳಿದ್ದೀರಿ. ಪ್ರತಿ ಸಲ ತಿರುಗಿಸುತ್ತಿರುವುದೇ ತೊಂದರೆ.

ನಾನೂ ಅದನ್ನೇ ಮಾಡಿದ್ದೆ. ತುಮಕೂರಿನಲ್ಲಿ ಓದುವಾಗ ಎನ್‌ಸಿಸಿಯಲ್ಲಿ ರೈಫಲ್ ಹಿಡಿದು, ಆಮೇಲೆ ಕ್ಲಬ್ಬಿಗೆ ಸೇರಿದವನು ನಾನು. ಒಂದು ಆಷಾಢದಲ್ಲಿ ಸ್ಪರ್ಧೆ ಇತ್ತು. ಟಾರ್ಗೆಟ್ ಉತ್ತರಕ್ಕೆ, ಪಡುವಣ ಗಾಳಿ ಬಿಟ್ಟು ಬಿಟ್ಟು ಬೀಸುತ್ತಿತ್ತು. ಗುಂಡು ಬಲಕ್ಕೆ ಬಿತ್ತು ಅಂತ ಎಡಕ್ಕೆ ಕ್ಲಿಕ್ ಕೊಟ್ಟೆ, ಅಂದರೆ ಸೈಟಿನ ತಿರುಪು ಸ್ವಲ್ಪ ತಿರುಗಿಸಿದೆ. ಅಷ್ಟರಲ್ಲಿ ಗಾಳಿ ನಿಂತಿತ್ತು, ಮುಂದಿನದು ಎಡಕ್ಕೆ ಬಿತ್ತು. ಬಲಕ್ಕೆ ತಿರುಗಿಸಿದೆ, ಗಾಳಿ ಮತ್ತೆ ಎದ್ದಿತು. ಹೋದ ಗಾಳಿಗೆ ಲೆಕ್ಕ ಹಾಕಿ ಬಂದ ಗಾಳಿಯಲ್ಲಿ ಹೊಡೆಯುತ್ತಿದ್ದೆ. ಆ ದಿನದ ಸಂಕಟ ಇನ್ನೂ ನೆನಪಿದೆ.

ನನಗೆ ದಾರಿ ತೋರಿಸಿದ್ದು ಗುಬ್ಬಿ ಕಡೆಯ ನಮ್ಮ ರಾಗಿ ಕಣ. ಅಪ್ಪ ತೂರುವಾಗ ಮೊರ ಎತ್ತಿ ಹಿಡಿದು ಸುಮ್ಮನೆ ನಿಂತಿರುತ್ತಿದ್ದರು. ಗಾಳಿ ಸಣ್ಣದಾದರೆ ಹೊಟ್ಟು ಕಾಳಿನ ಮೇಲೇ ಬೀಳುತ್ತೆ, ಜೋರಾದರೆ ಕಾಳೂ ಹಾರುತ್ತೆ. ತಮಗೆ ಬೇಕಾದಷ್ಟೇ ಗಾಳಿ ಬಂದಾಗ ಮಾತ್ರ ಮೊರ ಅಲುಗುತ್ತಿತ್ತು. ನೀವೂ ಹಾಗೇ ಮಾಡಿ. ಆ ದಿನ ಹೆಚ್ಚು ಹೊತ್ತು ಇರುವ ಒಂದು ಗಾಳಿಯನ್ನು ಆರಿಸಿಕೊಳ್ಳಿ, ಸೈಟರ್ ಗುಂಡುಗಳಲ್ಲಿ (ಅಂಕಕ್ಕೆ ಸೇರದ, ಮೊದಲು ಹೊಡೆಯುವ ಗುಂಡುಗಳಲ್ಲಿ) ಅದಕ್ಕೆ ಸೈಟ್ ಹೊಂದಿಸಿ, ಅದೇ ಗಾಳಿ ಬರುವ ತನಕ ಕಾಯಿರಿ. ಪ್ರೋನ್ ಪಂದ್ಯದಲ್ಲಿ, ಅಂದರೆ ಬೋರಲು ಮಲಗಿ ಹೊಡೆಯುವ ಪಂದ್ಯದಲ್ಲಿ, 60 ಗುಂಡಿಗೆ 50 ನಿಮಿಷ ಇರುತ್ತೆ. ಕಾಯುವುದಕ್ಕೆ ಸಮಯ ಸಾಕಷ್ಟಿದೆ. ಬೇರೆ ಗಾಳಿ ಎದ್ದರೆ ಕೆನ್ನೆ ಎತ್ತಿ, ಉಸಿರು ಬಿಡಿ. ನನ್ನ ಪ್ರಕಾರ ಕಲಿಯುವವರಿಗೆ ಇದೊಂದೇ ದಾರಿ. ಗುರಿ ಪಕ್ಕಕ್ಕೆ ಹಿಡಿದು ಹೊಡೆಯುವುದನ್ನು ಒಂದು ವರ್ಷ ಕಳೆದ ಮೇಲೆ ಕಲಿತರೆ ಸಾಕು.

ಎಷ್ಟು ಸರಿಯುತ್ತೆ ಅನ್ನುವುದು ತಲೆಯಲ್ಲಿರಲಿ. ಸೆಕೆಂಡಿಗೆ 1 ಮೀಟರಿನ ನೇರ ಅಡ್ಡಗಾಳಿ, ಅಂದರೆ ಊದುಬತ್ತಿ ಹೊಗೆ ಓರೆಯಾಗುವಷ್ಟು, ಮ್ಯಾಚ್ ಗುಂಡನ್ನು 50 ಮೀಟರಿನಲ್ಲಿ ಸುಮಾರು 6 ಮಿ.ಮೀ. ತಳ್ಳುತ್ತೆ. ಟಾರ್ಗೆಟ್ಟಿನ ನಡುವಿನ, ಹತ್ತು ಅಂಕದ ವೃತ್ತದ ಅಗಲವೇ 10.4 ಮಿ.ಮೀ., ಆಮೇಲಿನ ಒಂದೊಂದು ರಿಂಗ್ 8 ಮಿ.ಮೀ. ಮುಖಕ್ಕೆ ತಾಗಿ ಎಲೆ ಸದ್ದಾಗುವ ಗಾಳಿ ಸೆಕೆಂಡಿಗೆ 2-3 ಮೀಟರ್ ಇರುತ್ತೆ. ಅಲ್ಲಿಗೆ ಎರಡು ರಿಂಗ್ ಹೋಯಿತು. ಓರೆ ಗಾಳಿಯಲ್ಲಿ ಬಹಳ ಜನ ತಪ್ಪುತ್ತಾರೆ. ಗುಂಡಿನ ದಾರಿಗೆ 45 ಡಿಗ್ರಿಯಲ್ಲಿ ಬಂದರೆ ಅರ್ಧ ಅಲ್ಲ, ಹತ್ತರಲ್ಲಿ ಏಳು ಪಾಲು ತಳ್ಳುತ್ತೆ. ಅರ್ಧ ಆಗುವುದು 30 ಡಿಗ್ರಿಯಲ್ಲಿ. ಇನ್ನೊಂದು: ನಳಿಗೆಯ ಸುತ್ತು (ಗುಂಡನ್ನು ತಿರುಗಿಸುವ ಒಳಗಿನ ಸುರುಳಿ ಗೀರು) ಬಲಕ್ಕಿದ್ದರೆ ಎಡದಿಂದ ಬಂದ ಗಾಳಿಗೆ ಗುಂಡು ಬಲಕ್ಕೆ, ಸ್ವಲ್ಪ ಕೆಳಕ್ಕೆ, ಬಲದಿಂದ ಬಂದರೆ ಎಡಕ್ಕೆ, ಸ್ವಲ್ಪ ಮೇಲಕ್ಕೆ. ಟಾರ್ಗೆಟ್ಟಿನಲ್ಲಿ ಓರೆ ಸಾಲು ಕಂಡರೆ ನಿಮ್ಮ ಹಿಡಿತವನ್ನು ಬೈದುಕೊಳ್ಳಬೇಡಿ.

ಹೆಚ್ಚು ವೇಗದ ಗುಂಡು ಹಾಕಿದರೆ ಗಾಳಿ ತಾಗಲ್ಲ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. .22ರಲ್ಲಿ ಇದು ಉಲ್ಟಾ. ಶಬ್ದದ ವೇಗ ಮೀರಿದ ಗುಂಡು ದಾರಿಯಲ್ಲಿ ಹೆಚ್ಚು ವೇಗ ಕಳೆದುಕೊಳ್ಳುತ್ತೆ, ಪಕ್ಕಕ್ಕೆ ಸರಿಯುವುದು ಆ ಕಳೆದುಕೊಂಡ ವೇಗಕ್ಕೆ ತಕ್ಕಂತೆ.

ಎಲ್ಲಿ ನೋಡಬೇಕು? ನಮ್ಮ ಕಡೆ ರೇಂಜ್ ಪಕ್ಕದಲ್ಲಿ ತೆಂಗಿನ ಮರ ಇದ್ದೇ ಇರುತ್ತೆ. ಗರಿಯ ಸದ್ದಿಗೆ ಮೋಸಹೋಗಬೇಡಿ, ಮೇಲಿನ ಗಾಳಿ ಸಾಮಾನ್ಯವಾಗಿ ಜೋರು. ಗುಂಡು ಹೋಗುವ ಎತ್ತರದ ಹುಲ್ಲು ನೋಡಿ. ಅಂತರರಾಷ್ಟ್ರೀಯ ನಿಯಮದ ರೇಂಜುಗಳಲ್ಲಿ 10 ಮತ್ತು 30 ಮೀಟರಿಗೆ ಬಟ್ಟೆಯ ಪಟ್ಟಿ ಕಟ್ಟಿರುತ್ತಾರೆ. ಹತ್ತಿರದ ಪಟ್ಟಿಗೇ ಹೆಚ್ಚು ಬೆಲೆ ಕೊಡಿ, ಯಾಕೆಂದರೆ ಅಲ್ಲಿ ದಿಕ್ಕು ತಪ್ಪಿದ ಗುಂಡು ಕೊನೆಯ ತನಕ ಸರಿಯುತ್ತಲೇ ಹೋಗುತ್ತೆ. ಬೇಸಿಗೆಯಲ್ಲಿ ಸ್ಪಾಟಿಂಗ್ ಸ್ಕೋಪನ್ನು (ಟಾರ್ಗೆಟ್ ನೋಡುವ ದುರ್ಬೀನನ್ನು) ಟಾರ್ಗೆಟ್ಟಿಗಿಂತ ಸ್ವಲ್ಪ ಈಚೆಗೆ ಫೋಕಸ್ ಮಾಡಿದರೆ ಬಿಸಿಲುಗುದುರೆ ಕಾಣುತ್ತೆ; ಅದು ಹರಿಯುವ ಕಡೆಗೇ ಗಾಳಿ. ನೇರ ಮೇಲಕ್ಕೆ ಕುದಿಯುವ ಹಾಗೆ ಕಂಡರೆ ಗಾಳಿ ದಿಕ್ಕು ಬದಲಿಸುತ್ತಿರಬಹುದು, ಆಗ ಟ್ರಿಗರ್ ಮುಟ್ಟಬೇಡಿ.

ಪ್ರತಿ ಗುಂಡಿಗೂ ಪುಸ್ತಕದಲ್ಲಿ ಎರಡೇ ಗುರುತು: ಟ್ರಿಗರ್ ಬಿದ್ದಾಗ ಪಟ್ಟಿ ಹೇಗಿತ್ತು, ಗುಂಡು ಎಲ್ಲಿ ಬಿತ್ತು. ಐದಾರು ವಾರ ಬರೆದ ಮೇಲೆ ನಿಮ್ಮ ರೇಂಜ್ ಯಾವ ದಿಕ್ಕಿಗಿದೆ ಅನ್ನುವುದನ್ನೂ ಸೇರಿಸಿ ಇಲ್ಲಿ ಹಾಕಿ, ಕೂತು ನೋಡೋಣ.