ಕಿತ್ತಷ್ಟೂ ಬರುವ ಕೆಂಪು ಕಾಂಡದ ದಪ್ಪೆಲೆ ಗಿಡ ಯಾವುದು?

ನೆಲಕ್ಕೆ ಅಂಟಿಕೊಂಡು ಹರಡುವ ಕೆಂಪು ಕಾಂಡ, ನೀರು ತುಂಬಿದ ನುಣುಪು ಎಲೆ, ಬಿಸಿಲಿಗೆ ಅರಳುವ ಪುಟ್ಟ ಹಳದಿ ಹೂವು. ನೀವು ಹೇಳುತ್ತಿರುವುದು ಗೋಣಿ ಸೊಪ್ಪು. ನಾವು ಅಂದಕ್ಕೆ ಬೆಳೆಸುವ ಟೇಬಲ್ ರೋಸ್‌ನ ಹತ್ತಿರದ ನೆಂಟ.

ಕಿತ್ತು ಅಲ್ಲೇ ಪಕ್ಕಕ್ಕೆ ಹಾಕಿದ್ದೀರಿ, ಅಲ್ವಾ? ತಪ್ಪಾಗಿರುವುದು ಅಲ್ಲೇ. ಕಾಂಡದಲ್ಲಿ ನೀರಿರುವುದರಿಂದ ಬೇಗ ಒಣಗುವುದಿಲ್ಲ. ತುಂಡಾದ ಕಾಂಡವೂ ಒದ್ದೆ ಮಣ್ಣು ಸಿಕ್ಕರೆ ಬೇರು ಬಿಡುತ್ತದೆ. ಹೂವು ಉದುರಿದ ಮೇಲೆ ಅದರ ಕಾಯಿಯನ್ನು ಗಮನಿಸಿ ನೋಡಿ. ಪುಟ್ಟ ಡಬ್ಬಿಯ ಮುಚ್ಚಳ ತೆಗೆದಂತೆ ತುದಿ ಕಳಚಿ, ಸಾಸಿವೆಗಿಂತ ಸಣ್ಣ ಕಪ್ಪು ಬೀಜ ಉದುರುತ್ತವೆ. ಒಂದೇ ಗಿಡದಿಂದ ಸಾವಿರಾರು! ಅವು ಮಣ್ಣಲ್ಲಿ ವರ್ಷಗಟ್ಟಲೆ ಸುಮ್ನೆ ಕೂತಿದ್ದು, ನೀವು ಮಣ್ಣು ಕೆದಕಿ ಬೆಳಕು ಬಿದ್ದಾಗ ಮೊಳೆಯುತ್ತವೆ. ಹಾಗಾಗಿ ಹೂ ಬಿಡುವ ಮೊದಲೇ ಬೇರು ಸಮೇತ ಕಿತ್ತು ಹೊರಗೆ ಹಾಕಿ.

ನನ್ನನ್ನು ಕೇಳಿದರೆ, ಎಸೆಯಬೇಡಿ, ಬೇಯಿಸಿ. ಬೇಳೆ ಜೊತೆ ಮಸ್ಸೊಪ್ಪು ಮಾಡಿದರೆ ಹಿತವಾದ ಹುಳಿ ಇರುತ್ತದೆ. ಬೆಳಿಗ್ಗೆ ಕಿತ್ತ ಎಲೆ ಇನ್ನೂ ಹುಳಿ. ಬರಗಾಲದಲ್ಲಿ ಈ ಗಿಡ ರಾತ್ರಿ ಗಾಳಿ ಎಳೆದುಕೊಂಡು ಎಲೆಯಲ್ಲಿ ಹುಳಿ ಕೂಡಿಡುತ್ತದೆ, ಹಗಲಲ್ಲಿ ಅದನ್ನೇ ಬಳಸುತ್ತದೆ. ಒಮೆಗಾ-3 ಕೊಬ್ಬು ಇಷ್ಟಿರುವ ಸೊಪ್ಪು ಅಪರೂಪ. ಆದರೆ ಆಕ್ಸಲೇಟ್ ಜಾಸ್ತಿ, ಕಿಡ್ನಿ ಕಲ್ಲು ಇರುವವರಿಗೆ ಬೇಡ.

ಒಂದು ಎಚ್ಚರ: ಕಾಂಡ ಮುರಿದು ನೋಡಿ. ಬಿಳಿ ಹಾಲು ಜಿನುಗಿದರೆ ಅದು ಗೋಣಿ ಸೊಪ್ಪಲ್ಲ, ತಿನ್ನಬಾರದು.