ಎರೆ, ಮಸಾರಿ, ಮಳೆ: ನಿಮ್ಮ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಮಣ್ಣಿನ ಬಗ್ಗೆ ಕೇಳಿದವೇ ಜಾಸ್ತಿ. ಎರೆ ಅಂದರೆ ಕರಿ ಮಣ್ಣು, ಮಸಾರಿ ಅಂದರೆ ಕೆಂಪು ಮಣ್ಣು. ಮೊದಲನೇ ಉತ್ತರ ಉದ್ದ ಆಗಿದೆ. ಅದನ್ನು ಓದಿಕೊಂಡರೆ ಉಳಿದವು ಸಲೀಸು.

ಪ್ರಶ್ನೆ: ಧಾರವಾಡದಲ್ಲಿ ಭೂಗೋಳ ಎಂ.ಎ. ಓದುತ್ತಿದ್ದೇನೆ. ಕಲಘಟಗಿ, ಹುಬ್ಬಳ್ಳಿ, ನವಲಗುಂದ ತಾಲೂಕುಗಳ ಮಣ್ಣು ಹೋಲಿಸಿ ಪ್ರಾಜೆಕ್ಟ್ ಬರೆಯಬೇಕು. ಮಣ್ಣಿನ ನಕ್ಷೆ ಸಿಕ್ಕಿದೆ, ವಾರ್ಷಿಕ ಮಳೆಯ ಸರಾಸರಿಯೂ ಇದೆ. ಕೆಂಪು ಮಣ್ಣು, ಕರಿ ಮಣ್ಣು ಅಂತ ಕಾಲಂ ಹಾಕಿ ಪಕ್ಕದಲ್ಲಿ ಮಳೆ ಬರೆದರೆ ಸಾಕಾ ಸರ್?

ಉತ್ತರ: ಸಾಕಾಗಲ್ಲ. ಆದರೆ ತಾಲೂಕುಗಳನ್ನು ಚೆನ್ನಾಗಿ ಆರಿಸಿಕೊಂಡಿದ್ದೀರಿ. ರಾಜ್ಯದಲ್ಲಿ 10 ಕೃಷಿ ಹವಾಮಾನ ವಲಯಗಳಿವೆ. ನಿಮ್ಮ ಮೂರೂ ತಾಲೂಕು ಒಂದೇ ಜಿಲ್ಲೆಯಲ್ಲಿದ್ದರೂ ಮೂರು ಬೇರೆ ಬೇರೆ ವಲಯಕ್ಕೆ ಬರುತ್ತವೆ: ಕಲಘಟಗಿ ಗುಡ್ಡಗಾಡು ವಲಯ, ಹುಬ್ಬಳ್ಳಿ ಉತ್ತರ ಪರಿವರ್ತನಾ ವಲಯ, ನವಲಗುಂದ ಉತ್ತರ ಒಣ ವಲಯ. ಕಲಘಟಗಿ ಕಡೆ ವರ್ಷಕ್ಕೆ ಸುಮಾರು 900 ಮಿ.ಮೀ. ಮಳೆ, ನವಲಗುಂದ ಕಡೆ 600ರ ಆಸುಪಾಸು. ನಡುವಿನ ದಾರಿ ನೂರು ಕಿಲೋಮೀಟರ್ ಕೂಡ ಇಲ್ಲ.

ಈಗ ಯೋಚಿಸಿ. ವಾರ್ಷಿಕ ಸರಾಸರಿ ಒಂದನ್ನೇ ಬರೆದರೆ ಕಲಘಟಗಿ ಗೆದ್ದಿತು, ನವಲಗುಂದ ಸೋತಿತು ಅಂತ ಓದುವವರಿಗೆ ಅನ್ನಿಸುತ್ತದೆ. ಹಿಂಗಾರಿ ಜೋಳ, ಕಡಲೆ, ಕುಸುಬಿ ಬೆಳೆಯುವುದು ನೋಡಿದರೆ ನವಲಗುಂದವೇ ಮುಂದು. ಯಾಕೆ? ಒಂದು, ಮಳೆ ಯಾವ ತಿಂಗಳಲ್ಲಿ ಬೀಳುತ್ತದೆ ಅನ್ನೋದು. ಕಲಘಟಗಿಗೆ ಜುಲೈ ಮಳೆ ದೊಡ್ಡದು. ಒಣ ವಲಯಕ್ಕೆ ಸೆಪ್ಟೆಂಬರ್, ಅಕ್ಟೋಬರ್‌ದೇ ಜೀವ. ನಮ್ಮ ರೈತರು ಉತ್ತರಿ, ಹಸ್ತ, ಚಿತ್ತಿ ಮಳೆ ಅಂತ ಲೆಕ್ಕ ಹಾಕುವುದು ಅದಕ್ಕೇ. ಎರಡು, ಬಿದ್ದ ನೀರನ್ನು ಮಣ್ಣು ಎಷ್ಟು ದಿನ ಹಿಡಿದಿಟ್ಟುಕೊಳ್ಳುತ್ತದೆ ಅನ್ನೋದು. ನಿಮ್ಮ ಪ್ರಾಜೆಕ್ಟಿನ ತಿರುಳು ಈ ಎರಡನೇದರಲ್ಲೇ ಇದೆ, ಮತ್ತು ಅದು ಬಣ್ಣದಿಂದ ಗೊತ್ತಾಗಲ್ಲ.

ಒಂದು ಲೆಕ್ಕ ಮಾಡೋಣ. ಒಳ್ಳೆ ಎರೆ ಮಣ್ಣು ಒಂದು ಮೀಟರ್ ಆಳಕ್ಕೆ ಸುಮಾರು 180 ಮಿ.ಮೀ. ನೀರನ್ನು ಬೆಳೆಗೆ ಸಿಗುವ ಹಾಗೆ ಇಟ್ಟುಕೊಳ್ಳುತ್ತದೆ. ಮರಳು ಮಿಶ್ರಿತ ಕೆಂಪು ಮಣ್ಣಿಗೆ ಅದೇ ಆಳಕ್ಕೆ 100 ಅಂತ ಹಿಡಿಯಿರಿ. ಆದರೆ ಮರಡಿ (ಕಲ್ಲು ದಿಬ್ಬದ) ಹೊಲದಲ್ಲಿ ಒಂದು ಮೀಟರ್ ಮಣ್ಣು ಎಲ್ಲಿದೆ? 30 ಸೆಂ.ಮೀ. ಅಗೆದರೆ ಗರಸು (ಕಲ್ಲು ಬೆರೆತ ಗಟ್ಟಿ ಪದರ) ಸಿಗುತ್ತದೆ. ಅಂದರೆ ಉಳಿದದ್ದು 30 ಮಿ.ಮೀ. ಆ ಮಣ್ಣಿನ ಗಾತ್ರದಲ್ಲಿ ನೂರಕ್ಕೆ 30 ಪಾಲು ಹರಳುಕಲ್ಲೇ ಇದ್ದರೆ ಅದನ್ನೂ ಕಳೆಯಬೇಕು, ಸಿಗುವುದು 21. ಬೆಳೆ ದಿನಕ್ಕೆ 4 ಮಿ.ಮೀ. ಕುಡಿದರೆ ಮರಡಿ ಹೊಲದ ನೀರು ಐದು ದಿನಕ್ಕೆ ಖಾಲಿ, ಎರೆ ಹೊಲದ್ದು 45 ದಿನ. ನಿಜವಾಗಿ ಕೊನೇ ಹನಿವರೆಗೂ ಬೆಳೆ ಹಾಯಾಗಿ ಕುಡಿಯಲ್ಲ, ಅದಕ್ಕಿಂತ ಮೊದಲೇ ಬಾಡಲು ಶುರು ಮಾಡುತ್ತದೆ. ಆದರೂ ಎರಡರ ನಡುವಿನ ಅಂತರ ಹೀಗೇ ಉಳಿಯುತ್ತದೆ. ಒಮ್ಮೆ ಚೆನ್ನಾಗಿ ನೆನೆದ ಎರೆಯಲ್ಲಿ ಮಳೆ ಇಲ್ಲದೆ, ಬರೀ ಹಸಿ ಮತ್ತು ಚಳಿಯ ಮೇಲೆ ಕಡಲೆ ಬರುವುದು ಈ ಲೆಕ್ಕದಿಂದಲೇ.

ಹಾಗಂತ ಎರೆ ಎಲ್ಲದರಲ್ಲೂ ಮೇಲು ಅಂತ ಬರೆಯಬೇಡಿ. ಒಣಗಿದಾಗ ಬಿರುಕು ಬಿಟ್ಟಿರುವ ಎರೆಗೆ ಮೊದಲ ಮಳೆ ಸೀದಾ ಒಳಗೆ ಇಳಿಯುತ್ತದೆ, ಆಮೇಲೆ ಮಣ್ಣು ಉಬ್ಬಿ ಬಿರುಕು ಮುಚ್ಚಿತು ಅಂದರೆ ನೀರು ಇಳಿಯುವುದು ತೀರಾ ನಿಧಾನ, ಜೋರು ಮಳೆ ಬಂದರೆ ಮೇಲೆ ನಿಂತು ಹರಿದುಹೋಗುತ್ತದೆ, ಹೊಲದೊಳಗೆ ಕಾಲಿಡಲೂ ಆಗಲ್ಲ. ಅದಕ್ಕೇ ಹಿಂದೆ ಆಳದ ಎರೆಯನ್ನು ಮುಂಗಾರಿಯಲ್ಲಿ ಖಾಲಿ ಬಿಟ್ಟು, ಹರಗಿ ಹರಗಿ ಹಸಿ ಕಾಯ್ದುಕೊಂಡು ಹಿಂಗಾರಿ ಬಿತ್ತುತ್ತಿದ್ದರು. ಈಗ ಮುಂಗಾರಿಯಲ್ಲಿ ಹೆಸರುಕಾಳು ಬೆಳೆದುಕೊಂಡು ಆಮೇಲೆ ಕಡಲೆ ಹಾಕುವವರು ಬಹಳ. ಕೆಂಪು ಮಣ್ಣಿಗೆ ಈ ತೊಂದರೆ ಇಲ್ಲ. ಮಳೆ ಬಿಟ್ಟ ಮೇಲೆ ಬೇಗ ಹದ ಸಿಗುತ್ತದೆ. ಮಳೆ ಮೇಲಿಂದ ಮೇಲೆ ಬರುವ ಕಲಘಟಗಿ ಭಾಗಕ್ಕೆ ಆ ಮಣ್ಣು ಹೊಂದುತ್ತದೆ. ಅದೇ ಕೆಂಪು ಮಣ್ಣು 600 ಮಿ.ಮೀ. ಮಳೆಯ ಕಪ್ಪತಗುಡ್ಡದ ಅಂಚಿನಲ್ಲಿ ಇದ್ದರೆ ಕಥೆ ಬೇರೆ. ಮಣ್ಣು ಮತ್ತು ಮಳೆಯನ್ನು ಜೋಡಿಯಾಗಿ ಓದಿ ಅಂತ ನಾನು ಹೇಳುವುದು ಇದಕ್ಕೇ.

ಇನ್ನು ನಿಮ್ಮ ನಕ್ಷೆ. ಅದರ ಮೂಲೆಯಲ್ಲಿ ಸ್ಕೇಲ್ ನೋಡಿ. ರಾಷ್ಟ್ರೀಯ ಮಣ್ಣು ಸಮೀಕ್ಷೆ ಸಂಸ್ಥೆಯ ರಾಜ್ಯ ನಕ್ಷೆ 1:2,50,000 ಸ್ಕೇಲಿನದ್ದು. ಅದರಲ್ಲಿ ಒಂದು ಮಿಲಿಮೀಟರ್ ಅಂದರೆ ನೆಲದ ಮೇಲೆ 250 ಮೀಟರ್. ಎರಡು ಮಿ.ಮೀ. ಚೌಕದ ಒಂದು ಚುಕ್ಕೆಯಲ್ಲಿ 60 ಎಕರೆಗೂ ಜಾಸ್ತಿ ನೆಲ ಅಡಗಿರುತ್ತದೆ. ಅಷ್ಟರಲ್ಲಿ ದಿಬ್ಬ ಇರುತ್ತದೆ, ಹಳ್ಳ ಇರುತ್ತದೆ, ಹಾಗಾಗಿ ಒಂದೇ ಬಣ್ಣ ತುಂಬಿದ್ದರೂ ಅಲ್ಲಿ ಎರಡು-ಮೂರು ಜಾತಿ ಮಣ್ಣು ಸೇರಿರುತ್ತವೆ. ನಕ್ಷೆಯ ಜೊತೆಗಿರುವ ವಿವರಣೆಯಲ್ಲಿ ಅದನ್ನು ಬರೆದಿರುತ್ತಾರೆ, ತಪ್ಪದೆ ಓದಿ. ತಾಲೂಕಿನ ಹೋಲಿಕೆಗೆ ಈ ನಕ್ಷೆ ಸರಿ, ಯಾರದೋ ಹೊಲದ ಬಗ್ಗೆ ಹೇಳಲು ಅಲ್ಲ. ಸುಜಲಾ-3 ಯೋಜನೆಯಲ್ಲಿ ಗದಗ ಸೇರಿ ಕೆಲವು ಜಿಲ್ಲೆಗಳ ಜಲಾನಯನಗಳಲ್ಲಿ 1:7,920 ಸ್ಕೇಲಿನಲ್ಲಿ, ಸರ್ವೇ ನಂಬರ್ ಮಟ್ಟದಲ್ಲಿ ಸಮೀಕ್ಷೆ ನಡೆದಿದೆ. ಮಣ್ಣಿನ ಆಳ, ಇಳಿಜಾರು, ಹರಳುಕಲ್ಲು, ಸವಕಳಿ ಎಲ್ಲಾ ಅದರಲ್ಲಿ ಸಿಗುತ್ತದೆ. ಕೆಲಸ ಅಂದರೆ ಅದು.

ಮಳೆ ಅಂಕಿಗಳಲ್ಲೂ ಒಂದು ಎಚ್ಚರ ಬೇಕು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿವೆ, ಆದರೆ ಈಚಿನವು. ಹವಾಮಾನ ಇಲಾಖೆಯ ಕೇಂದ್ರಗಳು ಕಡಿಮೆ, ದಾಖಲೆ ಮಾತ್ರ ಹಳೆಯದು. ಒಂದು ತಾಲೂಕಿಗೆ 1991ರಿಂದ 2020ರ ಸರಾಸರಿ, ಇನ್ನೊಂದಕ್ಕೆ ಈಚಿನ ಹತ್ತು ವರ್ಷದ್ದು ತೆಗೆದುಕೊಂಡರೆ ಹೋಲಿಕೆಯೇ ಕೆಡುತ್ತದೆ. ಮೂರಕ್ಕೂ ಒಂದೇ ಅವಧಿ ಇರಲಿ. ತಿಂಗಳವಾರು ಬಿಡಿಸಿ. 2.5 ಮಿ.ಮೀ. ಅಥವಾ ಜಾಸ್ತಿ ಬಿದ್ದ ದಿನವನ್ನು ಮಾತ್ರ ಮಳೆ ದಿನ ಅಂತ ಎಣಿಸಿ. ಸರಾಸರಿ ಪಕ್ಕದಲ್ಲಿ ಸೆಪ್ಟೆಂಬರ್ ಮಳೆ ಎಷ್ಟು ವರ್ಷ ಕೈಕೊಟ್ಟಿದೆ ಅಂತಲೂ ಬರೆಯಿರಿ. ಹಿಂಗಾರಿ ಬಿತ್ತುವವರಿಗೆ ಬೇಕಾಗಿರುವುದು ಅದೇ.

ಪ್ರಶ್ನೆ: ಶಿರಹಟ್ಟಿ ತಾಲೂಕಿನವ ನಾನು. ನಮ್ಮದು ಮಸಾರಿ ಹೊಲ, ಬದುವಿನ ಆಚೆ ನಮ್ಮ ಕಾಕಾ ಅವರದು ಎರೆ. ಹಳೆ ಮಣ್ಣು ಆರೋಗ್ಯ ಕಾರ್ಡ್ ತೆಗೆದು ನೋಡಿದರೆ ಇಬ್ಬರದೂ ಅಂಕಿ ಒಂದೇ. ಇದು ಹೆಂಗ್ರೀ?

ಉತ್ತರ: ಮಣ್ಣು ಆರೋಗ್ಯ ಕಾರ್ಡ್ ಯೋಜನೆ ಶುರುವಾಗಿದ್ದು 2015ರಲ್ಲಿ. ಮೊದಲ ಸುತ್ತುಗಳಲ್ಲಿ ಹೊಲಕ್ಕೊಂದು ಮಾದರಿ ತೆಗೆಯುವ ಕ್ರಮ ಇರಲಿಲ್ಲ. ನೆಲವನ್ನು ಚೌಕ ಮಾಡಿಕೊಂಡು, ನೀರಾವರಿಗೆ 2.5 ಹೆಕ್ಟೇರ್, ಮಳೆಯಾಶ್ರಿತಕ್ಕೆ 10 ಹೆಕ್ಟೇರಿಗೆ ಒಂದು ಮಾದರಿ. 10 ಹೆಕ್ಟೇರ್ ಅಂದರೆ 25 ಎಕರೆ. ಅಷ್ಟರೊಳಗೆ ನೀವೂ ಬಂದಿರಿ, ಕಾಕಾನೂ ಬಂದರು. ನಿಮ್ಮ ಭಾಗದಲ್ಲಿ ಕೆಂಪು ಮಣ್ಣು, ಕರಿ ಮಣ್ಣು ಬದುವಿಗೊಂದರಂತೆ ಬದಲಾಗುತ್ತವೆ, ಹಾಗಾಗಿ ಆ ಅಂಕಿ ನಂಬಿ ಗೊಬ್ಬರ ಹಾಕಬೇಡಿ. ನಿಮ್ಮ ಹೊಲದ್ದೇ ಮಾದರಿ ಬೇರೆ ಕೊಡಿ.

ಇನ್ನೊಂದು ಮಾತು. ಕಾರ್ಡಿನಲ್ಲಿ ಇರುವುದು 12 ಅಂಶ: ರಸಸಾರ (ಪಿಎಚ್), ಲವಣಾಂಶ, ಸಾವಯವ ಇಂಗಾಲ, ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಆಮೇಲೆ ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್. ಮಣ್ಣಿನ ಆಳ ಇಲ್ಲ, ಜೇಡಿ ಎಷ್ಟು, ಮರಳು ಎಷ್ಟು ಅನ್ನೋದೂ ಇಲ್ಲ. ಮಾದರಿ ತೆಗೆಯುವುದೇ ಮೇಲಿನ 15 ಸೆಂ.ಮೀ.ನಲ್ಲಿ. ಶೇಂಗಾ ಹಾಕುವುದೋ ಹತ್ತಿ ಹಾಕುವುದೋ ಅಂತ ತೀರ್ಮಾನ ಮಾಡಲು ಒಂದು ಗುಂಡಿ ತೋಡಿ ನೋಡುವುದೇ ಸರಿ. ಬೇಸಿಗೆಯಲ್ಲಿ, ಆಳೆತ್ತರ ಬೇಡ, ಮೂರು ಅಡಿ ಸಾಕು. ಗರಸು ಎಲ್ಲಿಗೆ ಬಂತು, ಬೇರು ಎಲ್ಲಿಗೆ ನಿಂತಿದೆ, ಬಿಳಿ ಸುಣ್ಣದ ಹರಳು ಎಷ್ಟು ಆಳದಿಂದ ಕಾಣುತ್ತವೆ, ಟೇಪ್ ಹಿಡಿದು ಬರೆದುಕೊಳ್ಳಿ. ಸುಣ್ಣ ಜಾಸ್ತಿ ಇದ್ದು ರಸಸಾರ 8 ದಾಟಿದರೆ ಸತು, ಕಬ್ಬಿಣ ಬೆಳೆಗೆ ಸರಿಯಾಗಿ ಸಿಗಲ್ಲ. ಎಳೆ ಎಲೆ ಹಳದಿ ಆಗುವುದಕ್ಕೆ ಹಲವು ಸಲ ಇದೇ ಕಾರಣ.

ಪ್ರಶ್ನೆ: ನವಲಗುಂದ ತಾಲೂಕು, ಮಲಪ್ರಭಾ ಕಾಲುವೆ ಹೊಲ. ಎರಡು ಬೇರೆ ವರ್ಷದ ಮಣ್ಣು ಪರೀಕ್ಷೆಯಲ್ಲಿ ಲವಣಾಂಶ ಒಮ್ಮೆ ಕಡಿಮೆ, ಒಮ್ಮೆ ದುಪ್ಪಟ್ಟು ಬಂದಿದೆ. ಯಾವುದನ್ನು ನಂಬಲಿ? ಜಿಪ್ಸಂ ಹಾಕಲಾ?

ಉತ್ತರ: ಎರಡೂ ಸರಿ ಇರಬಹುದು. ಮಾದರಿ ಯಾವ ತಿಂಗಳಲ್ಲಿ ತೆಗೆದಿದ್ದರು ನೋಡಿ. ಬೇಸಿಗೆಯಲ್ಲಿ ನೀರು ಆವಿಯಾಗುತ್ತಾ ಉಪ್ಪನ್ನು ಮೇಲಕ್ಕೆ ಎಳೆದು ತರುತ್ತದೆ, ಹೊಲದಲ್ಲಿ ಬಿಳಿ ಪುಡಿ ಕಾಣುವುದು ಆಗಲೇ. ದೊಡ್ಡ ಮಳೆ ಆದ ಮೇಲೆ ಅದೇ ಉಪ್ಪು ಕೆಳಗೆ ಇಳಿದಿರುತ್ತದೆ. ಏಪ್ರಿಲ್ ಅಂಕಿಯನ್ನು ಅಕ್ಟೋಬರ್ ಅಂಕಿ ಜೊತೆ ಹೋಲಿಸಲು ಬರಲ್ಲ. ಎರಡನೇದು, ಪರೀಕ್ಷೆ ವಿಧಾನ ಕೇಳಿ. ಮಾಮೂಲಿ ಲ್ಯಾಬಿನಲ್ಲಿ ಒಂದು ಪಾಲು ಮಣ್ಣಿಗೆ ಎರಡೂವರೆ ಪಾಲು ನೀರು ಕಲಸಿ ಅಳೆಯುತ್ತಾರೆ. ಪುಸ್ತಕದಲ್ಲಿ ಬರುವ 'ಲವಣಾಂಶ 4 ದಾಟಿದರೆ ಸವಳು (ಉಪ್ಪು ಮಣ್ಣು)' ಅನ್ನುವ ಮಿತಿ ಬೇರೆ ವಿಧಾನದ್ದು, ಮಣ್ಣು ಪೂರ್ತಿ ನೆನೆಯುವಷ್ಟೇ ನೀರು ಹಾಕಿ ಹಿಂಡಿ ತೆಗೆದ ನೀರಿನದ್ದು. ಅದರಲ್ಲಿ ಅಂಕಿ ಸಹಜವಾಗಿ ಜಾಸ್ತಿ ಬರುತ್ತದೆ.

ಜಿಪ್ಸಂಗೆ ಈಗಲೇ ದುಡ್ಡು ಸುರಿಯಬೇಡಿ. ಅದು ಕೆಲಸ ಮಾಡುವುದು ಸೋಡಿಯಂ ಜಾಸ್ತಿ ಇರುವ ಕ್ಷಾರ ಮಣ್ಣಿಗೆ, ಅಂದರೆ ರಸಸಾರ 8.5 ದಾಟಿ, ವಿನಿಮಯ ಸೋಡಿಯಂ (ಮಣ್ಣಿನ ಕಣಕ್ಕೆ ಅಂಟಿರುವ ಸೋಡಿಯಂ ಪಾಲು) ನೂರಕ್ಕೆ 15ಕ್ಕಿಂತ ಮೇಲೆ ಇದ್ದಾಗ. ಬರೀ ಉಪ್ಪಿನ ತೊಂದರೆ ಆದರೆ ಬೇಕಾಗಿರುವುದು ಬಸಿಗಾಲುವೆ. ನಿಮ್ಮ ಭಾಗದ ಎರೆಗೆ ದಶಕಗಳಿಂದ ಕಾಲುವೆ ನೀರು ಬಂದಿದೆ, ಬಸಿದು ಹೋಗಲು ದಾರಿ ಕಡಿಮೆ. ಮುಂದಿನ ಮೇ ತಿಂಗಳಲ್ಲಿ 0–15, 15–30, 30–60 ಸೆಂ.ಮೀ. ಹೀಗೆ ಮೂರು ಆಳದ ಮಾದರಿ ಬೇರೆ ಬೇರೆ ಚೀಲದಲ್ಲಿ ಕೊಟ್ಟು ಸೋಡಿಯಂ ಕೂಡ ನೋಡಲು ಹೇಳಿ. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ವಿಚಾರಿಸಿ.

ಪ್ರಶ್ನೆ: ಮನೆಯಲ್ಲೇ ಮಣ್ಣಿನ ಜಾತಿ ಕಂಡುಹಿಡಿಯಬಹುದಾ? (ರಾಣೇಬೆನ್ನೂರು)

ಉತ್ತರ: ಸುಮಾರಾಗಿ ಗೊತ್ತಾಗುತ್ತದೆ. ಕಲ್ಲು ತೆಗೆದ ಒಂದು ಹಿಡಿ ಮಣ್ಣಿಗೆ ಸ್ವಲ್ಪ ಸ್ವಲ್ಪವೇ ನೀರು ಹಾಕಿ ನಾದಿ. ಉಂಡೆಯನ್ನು ಹೆಬ್ಬೆರಳು, ತೋರುಬೆರಳ ನಡುವೆ ಒತ್ತಿ ಪಟ್ಟಿಯಂತೆ ಮುಂದಕ್ಕೆ ತಳ್ಳಿ. 2.5 ಸೆಂ.ಮೀ. ಆಗುವ ಮೊದಲೇ ಮುರಿದರೆ ಗೋಡು ಮಣ್ಣು (ಮರಳು, ಹೂಳು, ಜೇಡಿ ಬೆರೆತದ್ದು), 5ರೊಳಗೆ ಮುರಿದರೆ ಜೇಡಿ ಗೋಡು, 5 ದಾಟಿದರೂ ಜೋತಾಡುತ್ತಿದ್ದರೆ ಜೇಡಿ. ಉಂಡೆಯೇ ಕಟ್ಟದಿದ್ದರೆ ಮರಳು. ಬಾಟಲಿಯಲ್ಲಿ ಮಣ್ಣು ಕಲಕಿ ಪದರ ಅಳೆಯುವ ವಿಧಾನ ಮಸಾರಿಗೆ ನಡೆಯುತ್ತದೆ, ಎರೆಗೆ ಅಷ್ಟು ನೆಚ್ಚಿಕೊಳ್ಳಬೇಡಿ. ಎರೆಯ ಜೇಡಿ ನೀರಿನಲ್ಲಿ ಉಬ್ಬಿ ಇದ್ದದ್ದಕ್ಕಿಂತ ದಪ್ಪ ಕಾಣುತ್ತದೆ, ಪೂರ್ತಿ ಕೂರಲು ದಿನಗಟ್ಟಲೆ ಬೇಕು. ಬೆರಳಿನ ಪರೀಕ್ಷೆಯನ್ನು ಹೊಲದ ಮೇಲ್ಮಣ್ಣಿಗೊಂದು, ಎರಡು ಅಡಿ ಕೆಳಗಿನ ಮಣ್ಣಿಗೊಂದು, ಹೀಗೆ ಎರಡು ಸಲ ಮಾಡಿ.