ಮೇಲುಸಿರು ಉಸಿರಾಟವಲ್ಲ

ಪ್ರಶ್ನೆ: ಕಳೆದ ತಿಂಗಳು ಬೆಳಿಗ್ಗೆ ಲಾಲ್‌ಬಾಗಿನಲ್ಲಿ ವಾಕಿಂಗ್ ಬಂದಿದ್ದ ಹಿರಿಯರೊಬ್ಬರು ನಮ್ಮ ಕಣ್ಣೆದುರೇ ಕುಸಿದು ಬಿದ್ದರು. ಒಬ್ಬರು ಮುಖಕ್ಕೆ ನೀರು ಚಿಮುಕಿಸಿದರು, ಇನ್ನೊಬ್ಬರು ಕೈಗೆ ಬೀಗದ ಕೈ ಹಿಡಿಸಿದರು. ಗೊರಕೆಯಂಥ ಸದ್ದು ಮಾಡುತ್ತಾ ಆಗೊಮ್ಮೆ ಈಗೊಮ್ಮೆ ಗಾಳಿ ಎಳೆದುಕೊಳ್ಳುತ್ತಿದ್ದುದರಿಂದ ಉಸಿರಿದೆಯೆಂದು ಧೈರ್ಯ ತಂದುಕೊಂಡು ಆಂಬುಲೆನ್ಸಿಗಾಗಿ ಕಾದೆವು. ಅವರು ಉಳಿಯಲಿಲ್ಲ. ನಾವು ಎದೆ ಒತ್ತಬೇಕಿತ್ತೇ? ಪಕ್ಕೆಲುಬು ಮುರಿದಿದ್ದರೆ ಕೇಸಾಗುತ್ತಿತ್ತೇ?
– ಓದುಗರೊಬ್ಬರು, ಬಸವನಗುಡಿ

ಉತ್ತರ: ಒತ್ತಬೇಕಿತ್ತು. ಆದರೆ ನಿಮ್ಮನ್ನು ದೂಷಿಸಲಾರೆ, ಏಕೆಂದರೆ ಆ ಗೊರಕೆಯಂಥ ಸದ್ದು ಎಂಥವರನ್ನೂ ಮೋಸಗೊಳಿಸುತ್ತದೆ. ಹೃದಯ ನಿಂತ ಮೇಲೂ ಕೆಲವು ನಿಮಿಷ ಮಿದುಳಿನ ಬುಡದಿಂದ ಹೊರಡುವ ಸಂಕೇತದಿಂದ ದವಡೆ ಅಲುಗಿ, ಬಾಯಿ ತೆರೆದು, ಬಿಟ್ಟುಬಿಟ್ಟು ಮೇಲುಸಿರು ಬರುತ್ತದೆ. ಅದರಿಂದ ದೇಹಕ್ಕೆ ಆಮ್ಲಜನಕ ಸಿಗುವುದಿಲ್ಲ. ಬರಿಯ ತಲೆಸುತ್ತಿನಿಂದ ಬಿದ್ದವರ ಎದೆ ಒಂದೇ ಲಯದಲ್ಲಿ ಏರಿಳಿಯುತ್ತಿರುತ್ತದೆ, ಸಾಮಾನ್ಯವಾಗಿ ನಿಮಿಷದೊಳಗೆ ಕಣ್ಣು ಬಿಡುತ್ತಾರೆ. ಭುಜ ತಟ್ಟಿ ಜೋರಾಗಿ ಕೂಗಿದರೂ ಓಗೊಡದೆ, 10 ಸೆಕೆಂಡು ನೋಡಿದರೂ ಉಸಿರು ಸಹಜವಾಗಿಲ್ಲವೆಂದರೆ ಹೃದಯ ನಿಂತಿದೆಯೆಂದೇ ತಿಳಿಯಿರಿ.

ಒಬ್ಬರು 108ಕ್ಕೋ 112ಕ್ಕೋ ಕರೆ ಮಾಡಲಿ. ಒಬ್ಬರೇ ಇದ್ದರೆ ಮೊಬೈಲನ್ನು ಸ್ಪೀಕರಿನಲ್ಲಿಟ್ಟು ನೆಲದ ಮೇಲಿಡಿ. ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಪಕ್ಕದಲ್ಲಿ ಮಂಡಿಯೂರಿ, ಎದೆಯ ನಟ್ಟನಡುವೆ ಒಂದು ಅಂಗೈಯ ಬುಡವನ್ನೂ ಅದರ ಮೇಲೆ ಇನ್ನೊಂದನ್ನೂ ಇಟ್ಟು, ಮೊಣಕೈ ಮಡಿಸದೆ ಮೈಭಾರ ಹಾಕಿ ಒತ್ತಿ. ಎದೆ 5ರಿಂದ 6 ಸೆಂಟಿಮೀಟರ್ ತಗ್ಗಬೇಕು, ಪ್ರತಿ ಸಲವೂ ಪೂರ್ತಿ ಮೇಲೇಳಬೇಕು, ನಿಮಿಷಕ್ಕೆ 100ರಿಂದ 120 ಒತ್ತು ಬೀಳಬೇಕು. ಇದು ನೋಡುವವರಿಗೆ ಒರಟಾಗಿ ಕಾಣುವಷ್ಟು ಬಿರುಸಿನ ಕೆಲಸ. ಎರಡು ನಿಮಿಷಕ್ಕೆ ತೋಳು ಸೋಲುತ್ತದೆ, ಆಗ ಇನ್ನೊಬ್ಬರು ಮುಂದುವರಿಸಲಿ. ತರಬೇತಿ ಇಲ್ಲದವರು ಬಾಯಿಗೆ ಬಾಯಿಟ್ಟು ಉಸಿರು ಕೊಡದಿದ್ದರೂ ನಡೆದೀತು. ನೀರಿನಲ್ಲಿ ಮುಳುಗಿದವರಿಗೆ ಮತ್ತು ಮಕ್ಕಳಿಗೆ ಮಾತ್ರ ಗೊತ್ತಿದ್ದವರು 30 ಒತ್ತಿಗೆ 2ರಂತೆ ಉಸಿರನ್ನೂ ಕೊಡಬೇಕು. ಹತ್ತಿರದಲ್ಲಿ ಎಇಡಿ, ಅಂದರೆ ಹೃದಯದ ಲಯ ಸರಿಪಡಿಸಲು ವಿದ್ಯುತ್ ಆಘಾತ ಕೊಡುವ ಯಂತ್ರವಿದ್ದರೆ ತರಿಸಿ, ಅದು ಹೇಳಿದಂತೆ ಮಾಡಿ.

ಒತ್ತುವಾಗ ಅಂಗೈಯಡಿ ಪಕ್ಕೆಲುಬು ಲಟಕ್ಕೆಂದ ಅನುಭವವಾಗಬಹುದು. ಕೈ ತೆಗೆಯಬೇಡಿ: ಮುರಿದ ಮೂಳೆ ಕೂಡಿಕೊಳ್ಳುತ್ತದೆ, ರಕ್ತವಿಲ್ಲದ ಮಿದುಳು ನಾಲ್ಕೈದು ನಿಮಿಷದಲ್ಲೇ ಸಾಯತೊಡಗುತ್ತದೆ. ಬೆಳಗಿನ ಹೊತ್ತಿನಲ್ಲೂ ಬೆಂಗಳೂರಿನ ರಸ್ತೆಯಲ್ಲಿ ಆ ಸಮಯಕ್ಕೆ ಆಂಬುಲೆನ್ಸ್ ಬರುವುದೆಂದು ನಂಬಿ ಕೂರಲಾಗದು. ಕೇಸಿನ ಅಂಜಿಕೆಯೂ ಬೇಡ. ತುರ್ತಿನಲ್ಲಿ ನೆರವಾಗುವವರ ರಕ್ಷಣೆಗೆಂದೇ ಕರ್ನಾಟಕದಲ್ಲಿ 2016ರ ಕಾಯ್ದೆಯಿದೆ. ಬೀಗದ ಕೈಯಿಂದ ಮೂರ್ಛೆ ರೋಗದವರಿಗೂ ಪ್ರಯೋಜನವಿಲ್ಲ. ಎಚ್ಚರ ತಪ್ಪಿದವರ ಬಾಯಿಗಂತೂ ನೀರು ಹಾಕಲೇಬೇಡಿ, ಅದು ಶ್ವಾಸನಾಳಕ್ಕೆ ಇಳಿಯುತ್ತದೆ.

ಪ್ರಶ್ನೆ: ಊಟದ ನಡುವೆ ತುತ್ತು ಸಿಕ್ಕಿಕೊಂಡರೆ ಅತ್ತೆಯವರು ಮಕ್ಕಳ ನೆತ್ತಿ ತಟ್ಟುತ್ತಾರೆ. ಇದು ಸರಿಯೇ?
– ಗೃಹಿಣಿ, ರಾಜಾಜಿನಗರ

ಉತ್ತರ: ನೆತ್ತಿ ತಟ್ಟಿದರೆ ತುತ್ತು ಜರುಗುವುದಿಲ್ಲ. ಮಗು ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ. ದನಿಯೇ ಹೊರಡದಿದ್ದರೆ ಮುಂದಕ್ಕೆ ಬಾಗಿಸಿ, ಎರಡು ಹೆಗಲಮೂಳೆಗಳ ನಡುವೆ ಅಂಗೈ ಬುಡದಿಂದ 5 ಸಲ ಗುದ್ದಿ. ಬಿಡದಿದ್ದರೆ ಹಿಂದಿನಿಂದ ತಬ್ಬಿ, ಹೊಕ್ಕುಳಿನ ಮೇಲ್ಭಾಗದಲ್ಲಿ ಮುಷ್ಟಿಯಿಟ್ಟು ಒಳಕ್ಕೂ ಮೇಲಕ್ಕೂ 5 ಸಲ ಸೆಳೆಯಿರಿ. ವರ್ಷ ತುಂಬದ ಕೂಸಿನ ಹೊಟ್ಟೆಯನ್ನು ಒತ್ತಲೇಬಾರದು: ಮುಂಗೈ ಮೇಲೆ ತಲೆ ತಗ್ಗಿರುವಂತೆ ಬೋರಲು ಮಲಗಿಸಿ ಬೆನ್ನಿಗೆ 5 ಏಟು, ಆಮೇಲೆ ಅಂಗಾತ ಮಾಡಿ ಎದೆಯ ನಡುವೆ ಒಂದು ಅಂಗೈಯ ಬುಡದಿಂದ 5 ಒತ್ತು ಕೊಡಿ. ತುತ್ತು ಕಣ್ಣಿಗೆ ಕಾಣದಿದ್ದಾಗ ಬಾಯೊಳಗೆ ಬೆರಳು ಹಾಕಿ ತಡಕಬೇಡಿ, ಅದು ಇನ್ನಷ್ಟು ಕೆಳಗಿಳಿದೀತು.